ಕಂಪ್ಯೂಟರಿಗೆ ಉಪಕರಣ ಉತ್ತರಿಸುತ್ತಿಲ್ಲವೇ? ಸೀರಿಯಲ್, ಮಾಡ್‌ಬಸ್, ಎಸ್‌ಸಿಪಿಐ ಸಂಪರ್ಕದಲ್ಲಿ ದೋಷ ಹುಡುಕುವ ಕ್ರಮ

ತಾಪಮಾನ ನಿಯಂತ್ರಕ, ಪವರ್ ಸಪ್ಲೈ, ಫ್ಲೋ ಮೀಟರ್, ತೂಕದ ಇಂಡಿಕೇಟರ್, ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿ ಯಾವುದೇ ಇರಲಿ, ಕಂಪ್ಯೂಟರಿನಿಂದ ಅದನ್ನು ನಡೆಸಲು ಹೊರಟಾಗ ಬರುವ ದೂರು ಹೆಚ್ಚಾಗಿ ಒಂದೇ: ‘ಕಮ್ಯುನಿಕೇಶನ್ ಆಗ್ತಾ ಇಲ್ಲ’. ಈ ದೂರಿನಿಂದ ಏನೂ ತಿಳಿಯುವುದಿಲ್ಲ. ಕಂಪ್ಯೂಟರಿಗೆ ಒಂದು ಬೈಟಾದರೂ ಮರಳಿ ಬರುತ್ತಿದೆಯೇ, ಬಂದರೆ ಅದು ಕಸವೇ, ದೋಷ ಸಂಕೇತವೇ, ಸರಿಯಾದ ರೂಪದಲ್ಲಿದ್ದೂ ತಪ್ಪು ಸಂಖ್ಯೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಪೂರ್ಣ ಮೌನವಿದ್ದರೆ ತಂತಿ, ವಿಳಾಸ ಅಥವಾ ಪೋರ್ಟ್ ನೋಡಿ. ಕಸ ಬಂದರೆ ಬಾಡ್ ರೇಟ್ (ಬಿಟ್‌ಗಳನ್ನು ಕಳಿಸುವ ವೇಗ), ಪ್ಯಾರಿಟಿ (ತಪ್ಪು ಹಿಡಿಯಲು ಅಕ್ಷರಕ್ಕೆ ಸೇರಿಸುವ ಬಿಟ್) ನೋಡಿ. ದೋಷ ಸಂಕೇತ ಬಂದರೆ ಸಂತೋಷಪಡಿ. ತಂತಿಯೂ ವೇಗವೂ ವಿಳಾಸವೂ ಸರಿ ಇವೆ, ಕೇಳಿದ ಪ್ರಶ್ನೆ ಮಾತ್ರ ತಪ್ಪು.

ಈ ವಿಂಗಡಣೆ ಮಾಡದೆ ಸ್ಕಾಡಾದ (ಉಪಕರಣಗಳನ್ನು ಪರದೆಯಿಂದ ನೋಡಿ ನಡೆಸುವ ತಂತ್ರಾಂಶದ) ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತಿರುಚುತ್ತಾ ಹೋದರೆ, ಸರಿ ಇದ್ದದ್ದೂ ಕೆಡುತ್ತದೆ. ಹಾಗಾಗಿ ಸ್ಕಾಡಾ, ಲ್ಯಾಬ್‌ವ್ಯೂ, ಪೈಥಾನ್ ಪ್ರೋಗ್ರಾಂ ಏನೇ ಇದ್ದರೂ ಮುಚ್ಚಿ. ಕಚ್ಚಾ ಬೈಟುಗಳನ್ನು ಹೆಕ್ಸ್ ಅಥವಾ ದಶಮಾನದಲ್ಲಿ ತೋರಿಸುವ ಒಂದು ಟರ್ಮಿನಲ್ ಪ್ರೋಗ್ರಾಂ, ಒಂದು ಮಲ್ಟಿಮೀಟರ್, ಖಚಿತವಾಗಿ ಕೆಲಸ ಮಾಡುವ ಇನ್ನೊಂದು ಯುಎಸ್‌ಬಿ ಪರಿವರ್ತಕ ಮತ್ತು ಒಂದು ಮೀಟರ್ ಉದ್ದದ ಗಿಡ್ಡ ಕೇಬಲ್ ಇಷ್ಟು ಕೈಯಲ್ಲಿರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಹೆಸರುಗಳ ಬಗ್ಗೆ ಒಂದು ಮಾತು: ಆರ್‌ಎಸ್-232 ಒಂದೇ ಉಪಕರಣವನ್ನು, ಆರ್‌ಎಸ್-485 ಒಂದೇ ಲೈನಿನಲ್ಲಿ ಹಲವು ಉಪಕರಣಗಳನ್ನು ಜೋಡಿಸುವ ಸೀರಿಯಲ್ ತಂತಿ ಪದ್ಧತಿಗಳು; ಮಾಡ್‌ಬಸ್ ಸಂಖ್ಯೆಗಳಲ್ಲಿ, ಎಸ್‌ಸಿಪಿಐ ಪಠ್ಯ ಆಜ್ಞೆಗಳಲ್ಲಿ ಉಪಕರಣದೊಡನೆ ಮಾತಾಡುವ ಭಾಷೆಗಳು.

ಮೊದಲು ಕಂಪ್ಯೂಟರಿನ ಬದಿ

ಆರ್‌ಎಸ್-232 ಆದರೆ ಲೂಪ್‌ಬ್ಯಾಕ್ ಪರೀಕ್ಷೆಗಿಂತ ಸುಲಭವಾದದ್ದಿಲ್ಲ. 9 ಪಿನ್ನಿನ ಕನೆಕ್ಟರಿನಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ಟರ್ಮಿನಲ್‌ನಲ್ಲಿ ಫ್ಲೋ ಕಂಟ್ರೋಲ್ ಮತ್ತು ಲೋಕಲ್ ಎಕೋ ಎರಡನ್ನೂ ಆಫ್ ಮಾಡಿ ಏನಾದರೂ ಒತ್ತಿ. ಒತ್ತಿದ ಅಕ್ಷರ ಪರದೆಯ ಮೇಲೆ ಕಂಡರೆ ಪೋರ್ಟ್, ಡ್ರೈವರ್, ಪರಿವರ್ತಕ ಮೂರೂ ಸರಿ. ಆಮೇಲೆ ಕೇಬಲ್ ಹಾಕಿ, ಉಪಕರಣದ ತುದಿಯಲ್ಲಿ ಕೇಬಲನ್ನು ಬಿಚ್ಚಿ ಅಲ್ಲಿ ಇದೇ ಪರೀಕ್ಷೆ ಮಾಡಿ. ಕೇಬಲ್ಲಿನ ತಪಾಸಣೆಯೂ ಮುಗಿಯಿತು. ಈ ಪರೀಕ್ಷೆಯಲ್ಲಿ ಬಾಡ್ ರೇಟ್ ಏನಿದ್ದರೂ ಪಾಸಾಗುತ್ತದೆ ಎಂಬುದು ನೆನಪಿರಲಿ, ಕಳಿಸುವುದೂ ಪಡೆಯುವುದೂ ಒಂದೇ ಪೋರ್ಟ್ ತಾನೆ.

ಎರಡು ತಂತಿಯ ಆರ್‌ಎಸ್-485ಕ್ಕೆ ಈ ವಿಧಾನ ನಡೆಯುವುದಿಲ್ಲ. ಎರಡು ಪರಿವರ್ತಕಗಳನ್ನು ಒಂದಕ್ಕೊಂದು ಜೋಡಿಸಿ, ಎರಡು ಟರ್ಮಿನಲ್ ಕಿಟಕಿ ತೆರೆದು, ಒಂದರಲ್ಲಿ ಒತ್ತಿದ್ದು ಇನ್ನೊಂದರಲ್ಲಿ ಬರುತ್ತದೆಯೇ ನೋಡಿ. ಇದೇ ಜೋಡಿ ಮುಂದೆ ಲೈನಿನ ಮೇಲೆ ಕದ್ದು ಕೇಳಲೂ ಉಪಯೋಗಕ್ಕೆ ಬರುತ್ತದೆ.

ಪೋರ್ಟ್ ತೆರೆಯುವುದೇ ಇಲ್ಲ ಎಂದಾದರೆ ಕಾರಣಗಳು ಕೆಲವೇ. ಒಂದು ಕಾಮ್ ಪೋರ್ಟನ್ನು ಸಾಮಾನ್ಯವಾಗಿ ಒಂದೇ ಪ್ರೋಗ್ರಾಂ ತೆರೆಯಬಲ್ಲದು. ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುತ್ತಿರುವ ಒಪಿಸಿ ಸರ್ವರ್ (ಉಪಕರಣಗಳಿಂದ ಓದಿ ಬೇರೆ ಪ್ರೋಗ್ರಾಂಗಳಿಗೆ ಹಂಚುವ ತಂತ್ರಾಂಶ) ಅದನ್ನು ಹಿಡಿದು ಕೂತಿರಬಹುದು. ಯುಎಸ್‌ಬಿ ಪರಿವರ್ತಕವನ್ನು ಬೇರೆ ಸಾಕೆಟ್ಟಿಗೆ ಹಾಕಿದಾಗ ವಿಂಡೋಸ್ ಹೊಸ ಪೋರ್ಟ್ ಸಂಖ್ಯೆ ಕೊಡುವುದುಂಟು, ಅದರಲ್ಲೂ ಪರಿವರ್ತಕದೊಳಗೆ ಸೀರಿಯಲ್ ನಂಬರ್ ಇಲ್ಲದಿದ್ದರೆ. ಲಿನಕ್ಸ್‌ನಲ್ಲಿ ಅನುಮತಿ ದೋಷ ಬಂದರೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಲಾಗ್‌ಔಟ್ ಆಗದಿದ್ದರೆ ಬದಲಾವಣೆ ಹತ್ತುವುದಿಲ್ಲ.

ಅಳತೆ ಉಪಕರಣಗಳೊಡನೆ ಮಾತಾಡಲು ಬಳಸುವ ‘ವೀಸಾ’ ಎಂಬ ಸಾಫ್ಟ್‌ವೇರ್ ಲೈಬ್ರರಿ ಮೂಲಕ ಹೋಗುವವರಿಗೆ ಮೂರು ದೋಷ ಸಂಖ್ಯೆಗಳ ಪರಿಚಯ ಇದ್ದರೆ ಸಾಕಷ್ಟು ಸಮಯ ಉಳಿಯುತ್ತದೆ. -1073807343 ಎಂದರೆ ಆ ಹೆಸರಿನ ಉಪಕರಣವೇ ಸಿಗಲಿಲ್ಲ, -1073807246 ಎಂದರೆ ಸಿಕ್ಕಿದೆ ಆದರೆ ಬೇರೆಯವರ ಬಳಕೆಯಲ್ಲಿದೆ, -1073807339 ಎಂದರೆ ಟೈಮ್‌ಔಟ್, ಅಂದರೆ ಕಾದ ಅವಧಿಯೊಳಗೆ ಉತ್ತರ ಬರಲಿಲ್ಲ. ಕೊನೆಯದು ಬಂದಾಗ ಪೋರ್ಟನ್ನು ದೂರಬೇಡಿ, ಪೋರ್ಟ್ ತೆರೆದಿದೆ.

ಆರ್‌ಎಸ್-232 ಮೌನ

ಕೇಬಲ್ ‘ನೇರ’ವೋ ‘ಕ್ರಾಸ್’ ಆದದ್ದೋ ಎಂದು ಕೈಪಿಡಿಯನ್ನು ಹುಡುಕುವ ಬದಲು ಅಳೆದುಬಿಡಿ. ಕೇಬಲ್ ಕಳಚಿ, ಉಪಕರಣ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು ಪ್ರೋಬನ್ನು 5ನೇ ಪಿನ್ನಿಗೆ, ಕೆಂಪು ಪ್ರೋಬನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಸುಮಾರು -5ರಿಂದ -12 ವೋಲ್ಟ್ ತೋರಿಸುವ ಪಿನ್ ಉಪಕರಣ ಕಳಿಸುವ ಪಿನ್. ಸೊನ್ನೆಯ ಆಸುಪಾಸು ಇರುವುದು ಪಡೆಯುವ ಪಿನ್. ಕಂಪ್ಯೂಟರಿನ ಬದಿಯಲ್ಲಿ ಕಳಿಸುವ ಪಿನ್ ಯಾವಾಗಲೂ 3. ಉಪಕರಣವೂ 3ರಲ್ಲೇ ಕಳಿಸುತ್ತಿದ್ದರೆ ಕ್ರಾಸ್ ಕೇಬಲ್ ಬೇಕು. 2ರಲ್ಲಿ ಕಳಿಸುತ್ತಿದ್ದರೆ ನೇರ ಕೇಬಲ್ ಸಾಕು.

ಅಳತೆಯಲ್ಲಿ +3.3 ಅಥವಾ +5 ವೋಲ್ಟ್ ಸ್ಥಿರವಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಬಹುಶಃ ಆರ್‌ಎಸ್-232 ಅಲ್ಲ, ಟಿಟಿಎಲ್ ಮಟ್ಟದ, ಅಂದರೆ ಚಿಪ್‌ಗಳ ನಡುವಿನ ಕಡಿಮೆ ವೋಲ್ಟಿನ ಸೀರಿಯಲ್. ಅದಕ್ಕೆ ನೇರವಾಗಿ ಆರ್‌ಎಸ್-232 ಪರಿವರ್ತಕ ಸಿಕ್ಕಿಸಿದರೆ ಒಳಗಿನ ಚಿಪ್ ಸುಡಬಹುದು.

ವೋಲ್ಟೇಜ್ ಸರಿ, ಕೇಬಲ್ ಸರಿ, ಆದರೂ ಮೌನ ಎಂದರೆ ಮುಂದಿನ ಗುಮಾನಿ ಹ್ಯಾಂಡ್‌ಶೇಕ್ ಮೇಲೆ, ಅಂದರೆ ‘ನಾನು ಸಿದ್ಧ’ ಎಂದು ಪರಸ್ಪರ ತಿಳಿಸುವ ಗೆರೆಗಳ ಮೇಲೆ. ಕೆಲವು ಅಳತೆ ಉಪಕರಣಗಳು ಡಿಟಿಆರ್ ಮತ್ತು ಡಿಎಸ್ಆರ್ ಗೆರೆಗಳಿಗೆ ಧನಾತ್ಮಕ ವೋಲ್ಟ್ ಬರುವವರೆಗೆ ಬಾಯಿ ಬಿಡುವುದಿಲ್ಲ. ಮೂರೇ ತಂತಿಯ ಕೇಬಲ್ಲಿನಲ್ಲಿ ಆ ಗೆರೆಗಳು ಇರುವುದೇ ಇಲ್ಲ. ಉಪಾಯ: ಉಪಕರಣದ ತುದಿಯಲ್ಲಿ 4 ಮತ್ತು 6ನ್ನು ಪರಸ್ಪರ, 7 ಮತ್ತು 8ನ್ನು ಪರಸ್ಪರ ಸೇರಿಸಿ. ಉಪಕರಣ ತನ್ನ ಸಿಗ್ನಲನ್ನೇ ತಾನು ನೋಡಿ ‘ಎದುರಿನವನು ಸಿದ್ಧ’ ಎಂದು ನಂಬುತ್ತದೆ. ಇದು ರೋಗಪತ್ತೆಗೆ ಒಳ್ಳೆಯದು. ಆದರೆ ದೊಡ್ಡ ದತ್ತಾಂಶ ಕಳಿಸುವಾಗ ಬಫರ್ ತುಂಬಿ ಅಕ್ಷರ ಕಳೆದುಹೋಗಬಹುದಾದ್ದರಿಂದ ಶಾಶ್ವತ ಪರಿಹಾರವಾಗಿ ಪೂರ್ಣ ಕೇಬಲ್ಲನ್ನೇ ಹಾಕಿ.

ಪಠ್ಯ ಆಜ್ಞೆ ತೆಗೆದುಕೊಳ್ಳುವ ಉಪಕರಣಗಳಲ್ಲಿ ಮೌನಕ್ಕೆ ಅತ್ಯಂತ ಸಾಮಾನ್ಯ ಕಾರಣ ಸಾಲಿನ ಕೊನೆಯ ಗುರುತು. ಆಜ್ಞೆ ಮುಗಿಯಿತೆಂದು ತಿಳಿಯಲು ಒಂದು ಉಪಕರಣ ಲೈನ್ ಫೀಡ್ ಕಾಯುತ್ತದೆ, ಅದರ ಸಂಖ್ಯೆ 10. ಇನ್ನೊಂದು ಕ್ಯಾರೇಜ್ ರಿಟರ್ನ್ ಕಾಯುತ್ತದೆ, ಸಂಖ್ಯೆ 13. ಕೆಲವಕ್ಕೆ ಎರಡೂ ಬೇಕು, ಅದೂ 13 ಮೊದಲು. ಟರ್ಮಿನಲ್‌ನಲ್ಲಿ ಎಂಟರ್ ಒತ್ತಿದರೆ ಏನು ಹೋಗುತ್ತದೆ ಎಂಬುದು ಆ ಪ್ರೋಗ್ರಾಂನ ಸೆಟ್ಟಿಂಗಿಗೆ ಬಿಟ್ಟದ್ದು. ಮೂರನ್ನೂ ಪ್ರಯತ್ನಿಸಿ, ಒಂದು ನಿಮಿಷದ ಕೆಲಸ.

ಆರ್‌ಎಸ್-485 ಮೌನ

ಕಾರ್ಖಾನೆಯ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದು. ಎ ಮತ್ತು ಬಿ ಎಂಬ ಹೆಸರುಗಳಿಂದಲೇ ಗೊಂದಲ ಶುರು. ಮಾನದಂಡದ ಪ್ರಕಾರ ಲೈನ್ ಖಾಲಿ ಇರುವಾಗ ಬಿ ತಂತಿ ಎಗಿಂತ ಧನಾತ್ಮಕವಾಗಿರಬೇಕು. ಆದರೆ ಬಹಳಷ್ಟು ತಯಾರಕರು ಎ ಎಂದರೆ ಪ್ಲಸ್, ಬಿ ಎಂದರೆ ಮೈನಸ್ ಎಂದು ತಿರುಗಾ ಗುರುತು ಹಾಕುತ್ತಾರೆ. ಹೆಸರನ್ನು ನಂಬಬೇಡಿ, ಪ್ಲಸ್-ಮೈನಸ್ ಗುರುತಿದ್ದರೆ ಅದನ್ನು ನೋಡಿ, ಅದೂ ಇಲ್ಲದಿದ್ದರೆ ಎರಡು ತಂತಿಯನ್ನು ಅದಲುಬದಲು ಮಾಡಿ ನೋಡಿ. ಈ ಎರಡು ಸಿಗ್ನಲ್ ತಂತಿಗಳನ್ನು ಅದಲುಬದಲು ಮಾಡಿದ್ದಕ್ಕೆ ಏನೂ ಸುಡುವುದಿಲ್ಲ. ಪಕ್ಕದ 24 ವೋಲ್ಟ್ ಟರ್ಮಿನಲ್ಲಿಗೆ ತಂತಿ ಹೋದರೆ ಮಾತ್ರ ಸುಡಬಹುದು.

ಎಲ್ಲ ಉಪಕರಣಗಳ ವಿದ್ಯುತ್ ಆಫ್ ಮಾಡಿ ಎ-ಬಿ ನಡುವೆ ಓಮ್ ಅಳೆಯಿರಿ. ಲೈನಿನ ಎರಡೂ ತುದಿಯಲ್ಲಿ 120 ಓಮ್ ಟರ್ಮಿನೇಶನ್ (ತುದಿಗೆ ಹಾಕುವ ರೆಸಿಸ್ಟರ್) ಇದ್ದರೆ 60ರ ಆಸುಪಾಸು, ಉಪಕರಣ ಹೆಚ್ಚಿದ್ದರೆ ಅದಕ್ಕಿಂತ ತುಸು ಕಡಿಮೆ ಬರಬೇಕು. 120 ಬಂದರೆ ಒಂದೇ ತುದಿಯಲ್ಲಿ ಟರ್ಮಿನೇಶನ್ ಇದೆ, ಅಥವಾ ನಡುವೆ ಎಲ್ಲೋ ತಂತಿ ತುಂಡಾಗಿದೆ. 40 ಬಂದರೆ ಯಾರೋ ನಡುವಿನ ಉಪಕರಣವೊಂದರ ಟರ್ಮಿನೇಶನ್ ಡಿಪ್ ಸ್ವಿಚ್ಚನ್ನೂ ಆನ್ ಮಾಡಿದ್ದಾರೆ. 30 ಅಂದರೆ ಅಂಥವರು ಇಬ್ಬರು. ಒಂದೆರಡು ಓಮ್ ಮಾತ್ರ ಬಂದರೆ ಶಾರ್ಟ್. ಕೇಬಲನ್ನು ಅರ್ಧದಲ್ಲಿ ಬಿಚ್ಚಿ ಯಾವ ಬದಿ ಎಂದು ನೋಡಿ, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ನೂರಾರು ಮೀಟರ್ ಲೈನಿನಲ್ಲಿ ಹತ್ತಾರು ಉಪಕರಣವಿದ್ದರೂ ಐದಾರು ಅಳತೆಯಲ್ಲಿ ಜಾಗ ಸಿಕ್ಕಿಬಿಡುತ್ತದೆ.

ಈಗ ವಿದ್ಯುತ್ ಕೊಟ್ಟು, ಕಂಪ್ಯೂಟರಿನಿಂದ ಏನೂ ಕಳಿಸದೆ, ಎ-ಬಿ ನಡುವಿನ ಡಿಸಿ ವೋಲ್ಟ್ ನೋಡಿ. ಕನಿಷ್ಠ 200 ಮಿಲಿವೋಲ್ಟ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಖಾಲಿ ಲೈನನ್ನು ರಿಸೀವರುಗಳು ಸೊನ್ನೆ ಎಂದೋ ಒಂದು ಎಂದೋ ತಮಗೆ ತೋಚಿದಂತೆ ಓದುತ್ತವೆ; ಹಾಗಾಗಿಯೇ ಎಲ್ಲಿಂದಲೋ ಬಂದ ಬೈಟ್ ಒಂದು ಉತ್ತರದ ಮುಂದೆ ಅಂಟಿಕೊಂಡು ಚೆಕ್‌ಸಮ್ (ಬೈಟುಗಳು ಸರಿ ಇವೆಯೇ ಎಂದು ತಾಳೆ ನೋಡುವ ಸಂಖ್ಯೆ) ಕೆಡುತ್ತದೆ. 5 ವೋಲ್ಟ್ ಸಪ್ಲೈಯಿಂದ 560 ಓಮ್ ರೆಸಿಸ್ಟರ್ ಒಂದನ್ನು ಪ್ಲಸ್ ತಂತಿಗೆ, ಇನ್ನೊಂದನ್ನು ಮೈನಸ್ ತಂತಿಯಿಂದ ಗ್ರೌಂಡಿಗೆ ಹಾಕಿದರೆ, 60 ಓಮ್ ಲೈನಿನ ಮೇಲೆ ಸುಮಾರು 250 ಮಿಲಿವೋಲ್ಟ್ ನಿಲ್ಲುತ್ತದೆ. ಬಯಾಸ್ ಎನ್ನುವ ಇದನ್ನು ಇಡೀ ಲೈನಿಗೆ ಒಂದೇ ಕಡೆ, ಸಾಮಾನ್ಯವಾಗಿ ಮಾಸ್ಟರ್ (ಪ್ರಶ್ನೆ ಕೇಳುವ ಬದಿ) ಬಳಿ, ಹಾಕಬೇಕು. ಹೊಸ ಪೀಳಿಗೆಯ ‘ಫೇಲ್-ಸೇಫ್’ ರಿಸೀವರ್ ಚಿಪ್‌ಗಳು ಇದಿಲ್ಲದೆಯೂ ನಡೆಯುತ್ತವೆ, ಆದರೆ ಲೈನಿನಲ್ಲಿ ಒಂದು ಹಳೆಯದಿದ್ದರೂ ಬಯಾಸ್ ಬೇಕೇ ಬೇಕು.

‘ಎರಡು ತಂತಿ’ ಎಂಬ ಮಾತಿಗೆ ಮರುಳಾಗಿ ಮೂರನೆಯದಾದ ಕಾಮನ್ (ಗ್ರೌಂಡ್) ತಂತಿಯನ್ನು ಬಿಡುವುದು ಇನ್ನೊಂದು ಪಿಡುಗು. ಆರ್‌ಎಸ್-485 ಚಿಪ್ -7ರಿಂದ +12 ವೋಲ್ಟ್‌ವರೆಗಿನ ‘ಕಾಮನ್ ಮೋಡ್’ ವೋಲ್ಟನ್ನು, ಅಂದರೆ ಎರಡೂ ತಂತಿಗೆ ಸಮಾನವಾಗಿ ಬರುವ ವೋಲ್ಟನ್ನು ಮಾತ್ರ ಸಹಿಸುತ್ತದೆ. ಎರಡು ಪ್ಯಾನಲ್‌ಗಳ ಅರ್ತ್ ನಡುವೆ ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಉತ್ತರ ತಪ್ಪುತ್ತದೆ, ಆಮೇಲೆ ಚಿಪ್ ಸಾಯುತ್ತದೆ. ಕಾಮನ್ ಟರ್ಮಿನಲ್‌ಗಳನ್ನು ಜೋಡಿಸುವ ಮೊದಲು ಅವುಗಳ ನಡುವೆ ಎಸಿ ಮತ್ತು ಡಿಸಿ ಎರಡನ್ನೂ ಅಳೆಯಿರಿ. ಕೆಲವು ವೋಲ್ಟ್ ಕಂಡರೂ ನೇರವಾಗಿ ಜೋಡಿಸಬೇಡಿ, ಐಸೋಲೇಟೆಡ್ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕ ಇರದ) ಪರಿವರ್ತಕ ಹಾಕಿ.

ತಂತಿಯ ಕೆಲಸ ಮುಗಿಯಿತು ಎಂದಿಟ್ಟುಕೊಳ್ಳಿ. ಲೈನಿನಿಂದ ಒಂದೇ ಉಪಕರಣವನ್ನು ಉಳಿಸಿ ಉಳಿದವನ್ನು ಕಳಚಿ, ಅದರ ಮುಂಭಾಗದ ಮೆನುವಿನಲ್ಲಿ ವಿಳಾಸ 1, ಬಾಡ್ 9600 ಇಟ್ಟು, ವಿದ್ಯುತ್ ಒಮ್ಮೆ ತೆಗೆದು ಕೊಡಿ. ಹಲವು ಉಪಕರಣಗಳು ಹೊಸ ಬಾಡ್ ರೇಟನ್ನು ಆಫ್-ಆನ್ ಆದ ನಂತರವೇ ಒಪ್ಪುತ್ತವೆ; ಮೆನುವಿನಲ್ಲಿ ಹೊಸದು ಕಾಣುತ್ತಿರುತ್ತದೆ, ಒಳಗೆ ಹಳೆಯದೇ ನಡೆದಿರುತ್ತದೆ. ಈಗ ಟರ್ಮಿನಲ್‌ನಿಂದ ಈ ಎಂಟು ಬೈಟಿನ ಮಾಡ್‌ಬಸ್ ಪ್ರಶ್ನೆಯನ್ನು ಒಂದೇ ಏಟಿಗೆ ಕಳಿಸಿ:

ದಶಮಾನದಲ್ಲಿ: 1, 3, 0, 0, 0, 1, 132, 10
ಹೆಕ್ಸ್‌ನಲ್ಲಿ: 01 03 00 00 00 01 84 0ಎ

ಇದರ ಅರ್ಥ: ವಿಳಾಸ 1ರ ಉಪಕರಣವೇ, ಫಂಕ್ಷನ್ 3ರಂತೆ, ರಿಜಿಸ್ಟರ್ 0ಯಿಂದ ಒಂದು ಮೌಲ್ಯ ಕೊಡು. ಫಂಕ್ಷನ್ ಎಂದರೆ ಮಾಡಬೇಕಾದ ಕೆಲಸದ ಸಂಖ್ಯೆ, ರಿಜಿಸ್ಟರ್ ಎಂದರೆ ಉಪಕರಣದೊಳಗೆ ಮೌಲ್ಯ ಕೂರುವ ಗೂಡು. ಕೊನೆಯ ಎರಡು ಬೈಟು ಸಿಆರ್‌ಸಿ ಎಂಬ ಚೆಕ್‌ಸಮ್. ಸರಿಯಾದ ಉತ್ತರ ಏಳು ಬೈಟು, ಶುರು 1, 3, 2. ಐದು ಬೈಟು ಬಂದು ಎರಡನೆಯದು 131 ಆಗಿದ್ದರೆ ಅದು ದೋಷ ಸಂಕೇತ, ಅದರ ವಿಚಾರ ಮುಂದೆ. ಏನೂ ಬರದಿದ್ದರೆ ಬಾಡ್ ರೇಟ್ ಮತ್ತು ಪ್ಯಾರಿಟಿ ಜೋಡಿಗಳನ್ನು ಬದಲಿಸುತ್ತಾ ಹೋಗಿ. ಮಾಡ್‌ಬಸ್ ಮಾನದಂಡದ ಮೂಲ ಆಯ್ಕೆ ಈವನ್ ಪ್ಯಾರಿಟಿ. ಪ್ಯಾರಿಟಿ ಇಲ್ಲದಿದ್ದರೆ ಎರಡು ಸ್ಟಾಪ್ ಬಿಟ್ ಇರಬೇಕೆಂದು ಅದು ಹೇಳುತ್ತದೆ. ಆದರೂ ಮಾರುಕಟ್ಟೆಯ ಬಹುತೇಕ ಉಪಕರಣಗಳು ಪ್ಯಾರಿಟಿ ಇಲ್ಲದೆ ಒಂದೇ ಸ್ಟಾಪ್ ಬಿಟ್‌ನಲ್ಲಿ ಬರುತ್ತವೆ, ಅದನ್ನೇ ಮೊದಲು ನೋಡಿ. ಮಾಡ್‌ಬಸ್‌ನ ನಿಯಮದಂತೆ ಸಿಆರ್‌ಸಿ ಅಥವಾ ಪ್ಯಾರಿಟಿ ತಪ್ಪಿದ ಪ್ರಶ್ನೆಗೆ ಉಪಕರಣ ದೋಷ ಸಂಕೇತವನ್ನೂ ಕೊಡುವುದಿಲ್ಲ, ಸುಮ್ಮನಿರುತ್ತದೆ. ಆದ್ದರಿಂದ ಇಲ್ಲಿ ತಪ್ಪು ಸೆಟ್ಟಿಂಗ್‌ಗೂ ತುಂಡಾದ ತಂತಿಗೂ ಹೊರನೋಟದಲ್ಲಿ ವ್ಯತ್ಯಾಸವೇ ಇಲ್ಲ. ತಂತಿಯನ್ನು ಮೊದಲೇ ಅಳೆದು ಮುಗಿಸಿಕೊಳ್ಳಿ ಎನ್ನುವುದು ಇದಕ್ಕೇ.

ವಿಳಾಸ 1ರಿಂದ 247ರೊಳಗಿರಬೇಕು. 0 ಎಲ್ಲರಿಗೂ ಕೂಗಿ ಹೇಳುವ ವಿಳಾಸ; ಅದಕ್ಕೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಲೂಬಾರದು. ಹೊಸದಾಗಿ ತಂದ ಎರಡು ಉಪಕರಣಗಳನ್ನು ಹಾಗೇ ಲೈನಿಗೆ ಹಾಕಿದರೆ ಎರಡೂ 1ನೇ ವಿಳಾಸದಲ್ಲೇ ಇದ್ದು ಏಕಕಾಲಕ್ಕೆ ಮಾತಾಡಿ ಸಿಆರ್‌ಸಿ ಕೆಡಿಸುತ್ತವೆ. ಒಂದೊಂದೇ ಸೇರಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬೈಟ್ ಬರುತ್ತಿವೆ, ಆದರೆ ಕಸ

ಪಠ್ಯ ಕಳಿಸುವ ಉಪಕರಣದಲ್ಲಿ ಕೆಲವು ಅಂಕಿ ಸರಿಯಾಗಿ, ಕೆಲವು ವಿಚಿತ್ರ ಚಿಹ್ನೆಯಾಗಿ ಕಂಡರೆ ಅದೊಂದು ಸುಳಿವು. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಕೆಟ್ಟಿದ್ದರೆ ಬೇರೆ ಯೋಚನೆಯೇ ಬೇಡ: ಉಪಕರಣ 7 ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿದೆ, ಕಂಪ್ಯೂಟರ್ 8 ಬಿಟ್, ಪ್ಯಾರಿಟಿ ಇಲ್ಲದ್ದರಲ್ಲಿದೆ. ಎರಡೂ ರೂಪದಲ್ಲಿ ಅಕ್ಷರಕ್ಕೆ ಒಟ್ಟು 10 ಬಿಟ್ ಆಗುವುದರಿಂದ ಅಳತೆ ಹೊಂದುತ್ತದೆ, ಪ್ಯಾರಿಟಿ ಬಿಟ್ ಮಾತ್ರ ಎಂಟನೆಯ ಬಿಟ್ ಎಂದು ಓದಿಕೊಂಡುಬಿಡುತ್ತದೆ. ‘1’ರ ಸಂಕೇತ 49, ಅದರಲ್ಲಿ ಒಂದುಗಳ ಎಣಿಕೆ ಬೆಸವಾದ್ದರಿಂದ ಪ್ಯಾರಿಟಿ ಬಿಟ್ ಏರಿ 177 ಆಗಿ ಕಾಣುತ್ತದೆ. ಸರಿ-ಕೆಟ್ಟ ಗುಂಪುಗಳು ತಿರುಗಾಮುರುಗಾ ಆಗಿದ್ದರೆ ಉಪಕರಣ ಆಡ್ ಪ್ಯಾರಿಟಿಯಲ್ಲಿದೆ. ತೂಕದ ಇಂಡಿಕೇಟರುಗಳಲ್ಲಿ ಇದನ್ನು ಹೆಚ್ಚಾಗಿ ಕಾಣಬಹುದು.

ಎಲ್ಲವೂ ಕಸವಾಗಿದ್ದು, ಕಳಿಸಿದ್ದಕ್ಕಿಂತ ಬೈಟುಗಳ ಸಂಖ್ಯೆಯೇ ಬೇರೆಯಾಗಿದ್ದರೆ ಬಾಡ್ ರೇಟ್ ಹೊಂದಿಲ್ಲ. ಆರ್‌ಎಸ್-485ರಲ್ಲಿ ಬಾಡ್ ಸರಿ ಇದ್ದೂ ಪ್ರತಿ ಸಲ ಅದೇ ಕಸ ಬರುತ್ತಿದ್ದರೆ ಎ-ಬಿ ತಿರುಗಿದೆಯೇ ನೋಡಿ.

ಕಳಿಸಿದ ಪ್ರಶ್ನೆಯೇ ಅಕ್ಷರಶಃ ಮರಳಿ ಬಂದರೆ ಅದು ಉತ್ತರವಲ್ಲ, ಪರಿವರ್ತಕದ ಪ್ರತಿಧ್ವನಿ. ಎರಡು ತಂತಿಯಲ್ಲಿ ಕಳಿಸುವಾಗಲೂ ರಿಸೀವರನ್ನು ಆನ್ ಇಡುವ ಪರಿವರ್ತಕಗಳಿವೆ. ಪರಿವರ್ತಕದ ಜಂಪರ್ ಬದಲಿಸಿ, ಇಲ್ಲವೇ ಕಳಿಸಿದಷ್ಟೇ ಬೈಟುಗಳನ್ನು ಓದಿ ಎಸೆಯುವ ಸೆಟ್ಟಿಂಗ್ ಹಾಕಿ. ಫಂಕ್ಷನ್ 6ರಲ್ಲಿ ಬರೆದಾಗ ಸರಿಯಾದ ಉತ್ತರವೂ ಪ್ರಶ್ನೆಯ ಪ್ರತಿಯೇ ಆಗಿರುತ್ತದೆ. ಪ್ರತಿಧ್ವನಿ ಇರುವ ಲೈನಿನಲ್ಲಿ ಉಪಕರಣವನ್ನು ಕಳಚಿಟ್ಟರೂ ‘ಬರೆದಾಯಿತು’ ಎಂದು ಪ್ರೋಗ್ರಾಂ ಹೇಳುತ್ತಿರುತ್ತದೆ. ಕೇಬಲ್ ಕಿತ್ತು ಒಮ್ಮೆ ಪರೀಕ್ಷಿಸಿಬಿಡುವುದು ಲೇಸು.

ಉತ್ತರದ ಮೊದಲ ಒಂದೆರಡು ಬೈಟು ಪ್ರತಿಸಲ ಕಾಣೆಯಾಗುತ್ತಿದ್ದರೆ, ಪರಿವರ್ತಕ ಮಾತಾಡುವುದನ್ನು ಬಿಟ್ಟು ಕೇಳಲು ತಿರುಗುವಷ್ಟರಲ್ಲಿ ಉಪಕರಣ ಶುರು ಮಾಡಿಬಿಟ್ಟಿದೆ. ಆರ್‌ಟಿಎಸ್ ಗೆರೆಯಿಂದ ದಿಕ್ಕು ಬದಲಿಸುವ ಹಳೆಯ ಪರಿವರ್ತಕಗಳ ಗುಣ ಇದು. ಉಪಕರಣದ ಮೆನುವಿನಲ್ಲಿ ಉತ್ತರ ವಿಳಂಬ ಇದ್ದರೆ 10ರಿಂದ 20 ಮಿಲಿಸೆಕೆಂಡಿಗೆ ಏರಿಸಿ, ಇಲ್ಲದಿದ್ದರೆ ದಿಕ್ಕನ್ನು ತಾನೇ ಬದಲಿಸಿಕೊಳ್ಳುವ ಪರಿವರ್ತಕ ಹಾಕಿ.

ದೋಷ ಸಂಕೇತ ಬಂದಾಗ

ಮಾಡ್‌ಬಸ್‌ನಲ್ಲಿ ಫಂಕ್ಷನ್ ಸಂಖ್ಯೆಗೆ 128 ಕೂಡಿಸಿ ಮರಳಿಸಿದರೆ ಅದು ನಿರಾಕರಣೆ. ಮುಂದಿನ ಬೈಟ್ ಕಾರಣ ಹೇಳುತ್ತದೆ. 1: ಈ ಫಂಕ್ಷನ್ ನನಗೆ ಬಾರದು. ಫಂಕ್ಷನ್ 3ರ ಬದಲು 4, ಅಥವಾ ಬರೆಯುವಾಗ 6ರ ಬದಲು 16 ಪ್ರಯತ್ನಿಸಿ. 2: ಆ ರಿಜಿಸ್ಟರ್ ಇಲ್ಲ. 3: ಮೌಲ್ಯ ಅಥವಾ ಎಣಿಕೆ ಸರಿಯಲ್ಲ, ಒಂದೇ ಸಲ 125ಕ್ಕಿಂತ ಹೆಚ್ಚು ರಿಜಿಸ್ಟರ್ ಕೇಳಿದರೂ ಬರುತ್ತದೆ. 4 ಉಪಕರಣದ ಒಳದೋಷ, 6 ಬಿಡುವಿಲ್ಲ. 10 ಮತ್ತು 11 ಗೇಟ್‌ವೇ (ಇಥರ್ನೆಟ್ಟನ್ನು ಸೀರಿಯಲ್ ಲೈನಿಗೆ ಜೋಡಿಸುವ ಪೆಟ್ಟಿಗೆ) ಹೇಳುವ ಮಾತುಗಳು: 11 ಬಂದರೆ ಗೇಟ್‌ವೇವರೆಗಿನ ಇಥರ್ನೆಟ್ ಸರಿ, ಅದರಾಚೆಯ ಸೀರಿಯಲ್ ಲೈನಿನಲ್ಲಿ ಉಪಕರಣ ಉತ್ತರಿಸಿಲ್ಲ.

ಸಂಕೇತ 2 ಬಂದಾಗ ಹೆಚ್ಚಾಗಿ ಅದು ಒಂದರ ಲೆಕ್ಕದ ಗೋಜಲು ಎಂದೇ ತಿಳಿಯಿರಿ. ಕೈಪಿಡಿಯಲ್ಲಿ 40001 ಎಂದಿದ್ದರೆ ಲೈನಿನ ಮೇಲೆ ಹೋಗಬೇಕಾದ್ದು ಫಂಕ್ಷನ್ 3, ವಿಳಾಸ 0. 40101 ಎಂದರೆ 100. 30001 ಎಂದರೆ ಫಂಕ್ಷನ್ 4, ವಿಳಾಸ 0. ಕೆಲವು ಪ್ರೋಗ್ರಾಂಗಳು ಈ ಒಂದನ್ನು ತಾವೇ ಕಳೆಯುತ್ತವೆ, ಕೆಲವು ಕಳೆಯುವುದಿಲ್ಲ. ಕೆಲವು ಕೈಪಿಡಿಗಳೂ ಮೊದಲೇ ಕಳೆದು ಕೊಟ್ಟಿರುತ್ತವೆ. ಇನ್ನೂ ಕೆಟ್ಟದ್ದೆಂದರೆ ಒಂದು ರಿಜಿಸ್ಟರ್ ಪಕ್ಕಕ್ಕೆ ಸರಿದು ದೋಷ ಸಂಕೇತವೇ ಬರದೆ ಪಕ್ಕದ ಮೌಲ್ಯ ಬರುವುದು: ತಾಪಮಾನದ ಜಾಗದಲ್ಲಿ ಸೆಟ್‌ಪಾಯಿಂಟ್ (ನಾವು ಹೊಂದಿಸಿದ ಗುರಿ) ಕಾಣುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎಸ್‌ಸಿಪಿಐ ಉಪಕರಣಗಳಲ್ಲಿ ಮೊದಲು ‘*ಐಡಿಎನ್?’ ಕೇಳಿ ಗುರುತು ಪಡೆಯಿರಿ, ಆಮೇಲೆ ‘*ಸಿಎಲ್‌ಎಸ್’ ಕಳಿಸಿ ಹಳೆಯ ದೋಷಗಳನ್ನು ಅಳಿಸಿ, ಪ್ರತಿ ಆಜ್ಞೆಯ ನಂತರ ‘ಎಸ್‌ವೈಎಸ್‌ಟಿ:ಇಆರ್‌ಆರ್?’ ಕೇಳುತ್ತಾ ಹೋಗಿ. 0 ಬರುವವರೆಗೆ ಕೇಳಬೇಕು. ದೋಷಗಳು ಸಾಲಾಗಿ ನಿಂತಿರುತ್ತವೆ, ಹಳೆಯದು ಮೊದಲು ಬರುತ್ತದೆ. -113 ಎಂದರೆ ಆಜ್ಞೆಯ ಹೆಸರು ತಪ್ಪು, -222 ಎಂದರೆ ಮಿತಿ ಮೀರಿದ ಮೌಲ್ಯ. -420 ಬಂದರೆ ಪ್ರಶ್ನೆ ಕೇಳದೆಯೇ, ಅಥವಾ ಕೇಳಿದ ಪ್ರಶ್ನೆ ಪೂರ್ತಿ ತಲುಪದೆಯೇ ನೀವು ಉತ್ತರ ಓದಲು ಹೋಗಿದ್ದೀರಿ; ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿದೆಯೇ ನೋಡಿ. -410 ಇದರ ತಿರುಗು: ಹಿಂದಿನ ಉತ್ತರ ಓದಿ ಮುಗಿಸುವ ಮೊದಲೇ ಹೊಸ ಪ್ರಶ್ನೆ ಹೋಗಿದೆ.

ಟೈಮ್‌ಔಟ್ ಆದ ಮೇಲೆ ತಡವಾಗಿ ಬಂದ ಉತ್ತರ ಸೀರಿಯಲ್ ಬಫರಿನಲ್ಲೇ ಕುಳಿತಿರುತ್ತದೆ. ಮುಂದಿನ ಪ್ರಶ್ನೆಗೆ ಪ್ರೋಗ್ರಾಂ ಅದನ್ನೇ ಓದುತ್ತದೆ. ಅಲ್ಲಿಂದಾಚೆಗೆ ಪ್ರತಿ ಪ್ರಶ್ನೆಗೂ ಹಿಂದಿನ ಪ್ರಶ್ನೆಯ ಉತ್ತರ ಬರುತ್ತಾ, ವೋಲ್ಟ್ ಜಾಗದಲ್ಲಿ ಆಂಪಿಯರ್, ಆಂಪಿಯರ್ ಜಾಗದಲ್ಲಿ ವೋಲ್ಟ್ ಕಾಣುತ್ತದೆ. ದೋಷ ಸಂದೇಶ ಒಂದೂ ಇರುವುದಿಲ್ಲ. ಟೈಮ್‌ಔಟ್ ಆದಾಗಲೆಲ್ಲ ಒಳಬರುವ ಬಫರನ್ನು ಖಾಲಿ ಮಾಡಿಯೇ ಮುಂದಿನ ಪ್ರಶ್ನೆ ಕಳಿಸುವಂತೆ ಪ್ರೋಗ್ರಾಂ ಬರೆಯಿರಿ.

ಟೈಮ್‌ಔಟ್ ಅವಧಿಯೂ ಅಳತೆಗೆ ತಕ್ಕಂತಿರಬೇಕು. ಮಲ್ಟಿಮೀಟರಿನ ಇಂಟಿಗ್ರೇಶನ್ (ಒಂದು ಅಳತೆಗೆ ಸರಾಸರಿ ತೆಗೆಯುವ ಅವಧಿ) 100 ಪವರ್ ಲೈನ್ ಸೈಕಲ್‌ಗೆ ಇದ್ದರೆ 50 ಹರ್ಟ್ಸ್‌ನಲ್ಲಿ ಒಂದು ಅಳತೆಗೇ 2 ಸೆಕೆಂಡ್. ಆಟೋ ಜೀರೋ ಆನ್ ಇದ್ದರೆ ಅದರ ದುಪ್ಪಟ್ಟು. ವೀಸಾದ ಸಾಮಾನ್ಯ ಟೈಮ್‌ಔಟ್ 2 ಸೆಕೆಂಡ್. ಉಪಕರಣ ಸರಿಯಾಗಿ ಕೆಲಸ ಮಾಡುತ್ತಲೇ ಇರುತ್ತದೆ, ಕಂಪ್ಯೂಟರ್ ಕಾಯದೆ ಎದ್ದುಹೋಗುತ್ತದೆ. 10 ಸೆಕೆಂಡ್ ಇಡಿ.

ಜಿಪಿಐಬಿ (ಪ್ರಯೋಗಾಲಯದ ಉಪಕರಣಗಳನ್ನು ಜೋಡಿಸುವ ಹಳೆಯ ಬಸ್) ಇರುವವರಿಗೆ ಎರಡೇ ಮಾತು. ವಿಳಾಸ 0ಯಿಂದ 30, ಕಂಟ್ರೋಲರ್ ಸೇರಿ ಒಟ್ಟು 15 ಉಪಕರಣ, ಕೇಬಲ್ ಒಟ್ಟು 20 ಮೀಟರ್ ಅಥವಾ ಉಪಕರಣಕ್ಕೆ 2 ಮೀಟರ್, ಯಾವುದು ಕಡಿಮೆಯೋ ಅದು. ಬಸ್ಸಿನಲ್ಲಿರುವ ಉಪಕರಣಗಳಲ್ಲಿ ಹಲವು ಆಫ್ ಆಗಿದ್ದರೂ ಸಂಪರ್ಕ ಹಾಳಾಗುತ್ತದೆ. ಪಟ್ಟಿಯಲ್ಲಿ ಒಂದೂ ಕಾಣದಿದ್ದರೆ ಎಲ್ಲವನ್ನೂ ಆನ್ ಮಾಡಿ ನೋಡಿ.

ಸಂಖ್ಯೆ ಬರುತ್ತದೆ, ಆದರೆ ನಂಬುವಂತಿಲ್ಲ

ತಾಪಮಾನ -5.0 ಇರಬೇಕಾದಲ್ಲಿ 65486 ಕಂಡರೆ, ಚಿಹ್ನೆ ಸಹಿತ ಸಂಖ್ಯೆಯನ್ನು ಚಿಹ್ನೆ ರಹಿತವಾಗಿ ಓದಿದ್ದೀರಿ: ಉಪಕರಣ -5.0ನ್ನು ಹತ್ತರಿಂದ ಗುಣಿಸಿ -50 ಎಂದು ಕಳಿಸಿದೆ, ಕಂಡದ್ದು 65536ರಿಂದ 50 ಕಳೆದದ್ದು. ದಶಮಾಂಶದ ಸ್ಥಾನವನ್ನು ಮುಂಭಾಗದ ಮೆನುವಿನಲ್ಲಿ ಬದಲಿಸಿದರೆ ರಿಜಿಸ್ಟರಿನ ಮಾಪನವೂ ಬದಲಾಗುವ ನಿಯಂತ್ರಕಗಳಿವೆ, ಎಚ್ಚರ.

32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ) ಎರಡು ರಿಜಿಸ್ಟರ್ ಹಿಡಿಯುತ್ತದೆ. ಯಾವುದು ಮೊದಲು ಎಂಬುದರಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ, ಮಾಡ್‌ಬಸ್ ಮಾನದಂಡವೂ ಅದನ್ನು ಹೇಳಿಲ್ಲ. 25.0 ಎಂಬುದು 16840 ಮತ್ತು 0 ಎಂಬ ಎರಡು ರಿಜಿಸ್ಟರ್. ಇವು ಅದಲುಬದಲಾದರೆ ಪರದೆಯಲ್ಲಿ ಸೊನ್ನೆ ಕಾಣುತ್ತದೆ, ನಿಜವಾಗಿ ಅದು ಸೊನ್ನೆಗೆ ತೀರಾ ಹತ್ತಿರದ ಸಂಖ್ಯೆ. ಪ್ರತಿ ರಿಜಿಸ್ಟರ್ ಒಳಗಿನ ಬೈಟುಗಳು ಅದಲುಬದಲಾದರೆ -197632 ಬರುತ್ತದೆ. ಮುಂಭಾಗದಲ್ಲಿ ಕಾಣುವ ಮೌಲ್ಯವನ್ನು ಎದುರಿಗಿಟ್ಟುಕೊಂಡು ನಾಲ್ಕೂ ಕ್ರಮಗಳನ್ನು ಪ್ರಯತ್ನಿಸಿದರೆ ಒಂದು ಹೊಂದಲೇಬೇಕು.

ನಡೆಯುತ್ತದೆ, ಆಗಾಗ ಕಡಿಯುತ್ತದೆ

ಮೋಟಾರ್ ಶುರುವಾದಾಗ ಮಾತ್ರ ಕಡಿದರೆ ಅದು ವಿದ್ಯುತ್ ಗದ್ದಲ. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲ್ಲಿನ ಪಕ್ಕದಲ್ಲೇ ಸಿಗ್ನಲ್ ಕೇಬಲ್ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಎ ಮತ್ತು ಬಿ ಒಂದೇ ತಿರುಚಿದ ಜೋಡಿಯಲ್ಲಿರಲಿ. ಎ ಒಂದು ಜೋಡಿಯಲ್ಲಿ, ಬಿ ಇನ್ನೊಂದರಲ್ಲಿ ಹೋದರೆ ತಿರುಚಿದ್ದು ವ್ಯರ್ಥ. ಶೀಲ್ಡ್ ಉದ್ದಕ್ಕೂ ಕಡಿಯದಂತೆ ಸಾಗಿ ಒಂದು ತುದಿಯಲ್ಲಿ ಅರ್ತ್ ಆಗಲಿ. ಮುಖ್ಯ ಲೈನಿನಿಂದ ನಕ್ಷತ್ರದಂತೆ ಕವಲೊಡೆದ ವೈರಿಂಗ್ 9600ರಲ್ಲಿ ಹೇಗೋ ನಡೆಯುತ್ತದೆ, 115200ಕ್ಕೆ ಏರಿಸಿದ ದಿನ ಕೈಕೊಡುತ್ತದೆ. 1200 ಮೀಟರ್ ಎಂಬ ಪ್ರಸಿದ್ಧ ಮಿತಿಯೂ ಸುಮಾರು 100 ಕಿಲೋಬಿಟ್‌ವರೆಗಿನ ವೇಗಕ್ಕೆ ಮಾತ್ರ.

ಗದ್ದಲವಿಲ್ಲದೆಯೂ ಕಡಿಯುವುದುಂಟು, ಆಗ ಲೆಕ್ಕ ಹಾಕಬೇಕು. 9600ರಲ್ಲಿ 11 ಬಿಟ್ಟಿನ ಒಂದು ಅಕ್ಷರಕ್ಕೆ 1.15 ಮಿಲಿಸೆಕೆಂಡ್. ಹತ್ತು ರಿಜಿಸ್ಟರ್ ಓದಲು ಪ್ರಶ್ನೆ 8 ಬೈಟು, ಉತ್ತರ 25 ಬೈಟು, ಒಟ್ಟು 38 ಮಿಲಿಸೆಕೆಂಡ್ ಲೈನಿನ ಮೇಲೇ ಕಳೆಯುತ್ತದೆ. ಫ್ರೇಮುಗಳ ನಡುವೆ ಕನಿಷ್ಠ 3.5 ಅಕ್ಷರದ ಮೌನ, ಅಂದರೆ 4 ಮಿಲಿಸೆಕೆಂಡ್, ಜೊತೆಗೆ ಉಪಕರಣ ಯೋಚಿಸುವ ಸಮಯ. ಇಪ್ಪತ್ತು ಉಪಕರಣಗಳನ್ನು ಸೆಕೆಂಡಿಗೊಮ್ಮೆ ಓದುವುದು ಇಲ್ಲಿ ಆಗದ ಮಾತು. ಅದರಲ್ಲೂ ಒಂದು ಉಪಕರಣ ಆಫ್ ಆಗಿದ್ದು, ಟೈಮ್‌ಔಟ್ 1 ಸೆಕೆಂಡ್, ಮರುಪ್ರಯತ್ನ 3 ಎಂದಿದ್ದರೆ, ಸುತ್ತಿಗೆ 4 ಸೆಕೆಂಡ್ ಅದೊಂದಕ್ಕೇ ಹೋಗಿ ಉಳಿದೆಲ್ಲ ಉಪಕರಣಗಳೂ ಕುಂಟುತ್ತಿರುವಂತೆ ಕಾಣುತ್ತವೆ. ಸತ್ತ ಉಪಕರಣವನ್ನು ಪಟ್ಟಿಯಿಂದ ತೆಗೆದ ಕೂಡಲೇ ಲೈನ್ ಚುರುಕಾಗುತ್ತದೆ.

ಯುಎಸ್‌ಬಿ ಪರಿವರ್ತಕ ಬೈಟುಗಳನ್ನು ಒಟ್ಟುಮಾಡಿ ಕಂತಿನಲ್ಲಿ ಕೊಡುತ್ತದೆ. ಎಫ್‌ಟಿಡಿಐ ಕಂಪನಿಯ ಚಿಪ್ಪಿನವುಗಳಲ್ಲಿ ಲೇಟೆನ್ಸಿ ಟೈಮರ್ (ಹೀಗೆ ಕಾಯುವ ಅವಧಿ) ಸಾಮಾನ್ಯವಾಗಿ 16 ಮಿಲಿಸೆಕೆಂಡ್ ಇರುತ್ತದೆ. ವಿಂಡೋಸ್ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ 1ಕ್ಕೆ ಇಳಿಸಬಹುದು. ಗಂಟೆಗಟ್ಟಲೆ ನಡೆದು ರಾತ್ರಿ ಹೊತ್ತು ನಿಲ್ಲುವ ಸಂಪರ್ಕಕ್ಕೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಮತ್ತು ಕಂಪ್ಯೂಟರಿನ ಸ್ಲೀಪ್ ಎರಡನ್ನೂ ಆಫ್ ಮಾಡಿ ನೋಡಿ.

ಇಥರ್ನೆಟ್ ಇದ್ದರೆ

ಪಿಂಗ್‌ಗೆ ಉತ್ತರ ಬಂತೆಂದರೆ ಪ್ರೊಟೊಕಾಲ್ ನಡೆಯುತ್ತದೆ ಎಂದಲ್ಲ. ಪೋರ್ಟ್ ತೆರೆದಿದೆಯೇ ಎಂದು ಬೇರೆಯಾಗಿ ನೋಡಬೇಕು. ಮಾಡ್‌ಬಸ್ ಟಿಸಿಪಿಗೆ 502, ಎಸ್‌ಸಿಪಿಐ ನೇರ ಸಾಕೆಟ್‌ಗೆ ಹೆಚ್ಚಾಗಿ 5025, ಅಳತೆ ಉಪಕರಣಗಳ ಇನ್ನೆರಡು ಪ್ರೊಟೊಕಾಲ್‌ಗಳ ಪೈಕಿ ಹೈಸ್ಲಿಪ್‌ಗೆ 4880, ವಿಎಕ್ಸ್‌ಐ-11 ಶುರುವಾಗುವುದು 111ರಲ್ಲಿ. ಉಪಕರಣವನ್ನು ಕಳಚಿದ ಮೇಲೂ ಆ ವಿಳಾಸದಿಂದ ಪಿಂಗ್ ಬರುತ್ತಿದ್ದರೆ ಅದೇ ಐಪಿ ಇನ್ನೊಂದಕ್ಕೂ ಇದೆ.

ಚಿಕ್ಕ ಉಪಕರಣಗಳು ಒಂದೆರಡು ಟಿಸಿಪಿ ಸಂಪರ್ಕಗಳನ್ನಷ್ಟೇ ತಾಳಿಕೊಳ್ಳುತ್ತವೆ. ಪ್ರೋಗ್ರಾಂ ಹಠಾತ್ತನೆ ನಿಂತರೆ ಅಥವಾ ಕೇಬಲ್ ಕಿತ್ತರೆ ಹಳೆಯ ಸಂಪರ್ಕ ಮುಚ್ಚಿಕೊಳ್ಳದೆ ಉಪಕರಣದೊಳಗೆ ಉಳಿದು, ಹೊಸ ಸಂಪರ್ಕಕ್ಕೆ ಜಾಗವೇ ಇಲ್ಲದಂತಾಗುತ್ತದೆ. ‘ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಪ್ರತಿ ಓದಿಗೂ ಹೊಸ ಸಂಪರ್ಕ ತೆರೆಯದೆ ಒಂದನ್ನೇ ಹಿಡಿದಿಟ್ಟುಕೊಳ್ಳಿ, ಮುಗಿದಾಗ ಮುಚ್ಚಿ, ಉಪಕರಣದಲ್ಲಿ ಐಡಲ್ ಟೈಮ್‌ಔಟ್ ಇದ್ದರೆ ಒಂದು ನಿಮಿಷಕ್ಕೆ ಹೊಂದಿಸಿ. ಗೇಟ್‌ವೇ ಮೂಲಕ ಹೋಗುವಾಗ ಯೂನಿಟ್ ಐಡಿ ಜಾಗದಲ್ಲಿ ಸೀರಿಯಲ್ ಲೈನಿನ ಸ್ಲೇವ್ (ಉತ್ತರಿಸುವ ಉಪಕರಣದ) ವಿಳಾಸವನ್ನೇ ಕೊಡಬೇಕು, ಮತ್ತು ಕಂಪ್ಯೂಟರಿನ ಟೈಮ್‌ಔಟ್ ಗೇಟ್‌ವೇಯ ಟೈಮ್‌ಔಟಿಗಿಂತ ದೊಡ್ಡದಿರಬೇಕು.

ಓದಲು ಬರುತ್ತದೆ, ಬರೆಯಲು ಬರುವುದಿಲ್ಲ

ಹೀಗಾದರೆ ತಂತಿಯನ್ನು ಮುಟ್ಟಲೇಬೇಡಿ. ಉಪಕರಣ ಲೋಕಲ್ ಮೋಡಿನಲ್ಲಿರಬಹುದು, ಪ್ಯಾರಾಮೀಟರ್ ಲಾಕ್ ಆಗಿರಬಹುದು, ಅಥವಾ ಆ ರಿಜಿಸ್ಟರ್ ಓದಲು ಮಾತ್ರ ಇರಬಹುದು. ವಿಎಫ್‌ಡಿಗಳಲ್ಲಿ ರನ್ ಆಜ್ಞೆ ಎಲ್ಲಿಂದ, ವೇಗದ ಆಜ್ಞೆ ಎಲ್ಲಿಂದ ಎಂಬ ಎರಡು ಬೇರೆ ಬೇರೆ ಪ್ಯಾರಾಮೀಟರ್ ಇರುತ್ತವೆ. ಒಂದನ್ನಷ್ಟೇ ಸೀರಿಯಲ್‌ಗೆ ಬದಲಿಸಿದರೆ ಮೋಟಾರ್ ಶುರುವಾಗುತ್ತದೆ ಆದರೆ ವೇಗ ಬದಲಾಗುವುದಿಲ್ಲ, ಅಥವಾ ಮೌಲ್ಯ ಒಪ್ಪಿಕೊಂಡೂ ಮೋಟಾರ್ ತಿರುಗುವುದಿಲ್ಲ. ಆರ್‌ಎಸ್-232ರಲ್ಲಿ ಕೆಲವು ಮಲ್ಟಿಮೀಟರುಗಳಿಗೆ ಮೊದಲು ‘ಎಸ್‌ವೈಎಸ್‌ಟಿ:ಆರ್‌ಇಎಂ’ ಆಜ್ಞೆ ಕಳಿಸದಿದ್ದರೆ ಅಳತೆಯ ಆಜ್ಞೆಗಳನ್ನು ತಳ್ಳಿಹಾಕುತ್ತವೆ.

ಬರೆಯಲು ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬರೆದದ್ದು ಎಲ್ಲಿ ಕೂರುತ್ತದೆ? ಬಹಳಷ್ಟು ನಿಯಂತ್ರಕಗಳು ಸೆಟ್‌ಪಾಯಿಂಟನ್ನು ಈಪ್ರಾಮ್‌ನಲ್ಲಿ (ವಿದ್ಯುತ್ ಹೋದರೂ ಅಳಿಯದ ಮೆಮೊರಿಯಲ್ಲಿ) ಉಳಿಸುತ್ತವೆ. ಅದರ ಬಾಳಿಕೆ ಸುಮಾರು 1 ಲಕ್ಷ ಬರವಣಿಗೆ ಎಂದು ಕೈಪಿಡಿಯಲ್ಲಿದ್ದು, ಪ್ರೋಗ್ರಾಂ ಸೆಕೆಂಡಿಗೊಮ್ಮೆ ಬರೆಯುತ್ತಿದ್ದರೆ 28 ಗಂಟೆಯೊಳಗೆ ಆ ಲೆಕ್ಕ ಮುಗಿದುಹೋಗುತ್ತದೆ. ಮೌಲ್ಯ ಬದಲಾದಾಗ ಮಾತ್ರ ಬರೆಯಿರಿ, ಅಥವಾ ರ‍್ಯಾಮ್‌ಗೆ ಮಾತ್ರ ಬರೆಯುವ ಬೇರೆ ರಿಜಿಸ್ಟರ್ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ.

ಹೀಟರ್, ಪಂಪ್, ಮೋಟಾರುಗಳನ್ನು ನಡೆಸುವ ಉಪಕರಣವಾದರೆ ಸಂಪರ್ಕ ತಪ್ಪಿದಾಗ ಏನು ಮಾಡಬೇಕೆಂಬ ಪ್ಯಾರಾಮೀಟರನ್ನೂ ಹೊಂದಿಸಿ. ಕಾರ್ಖಾನೆಯಿಂದ ಬರುವಾಗ ಅದು ಹೆಚ್ಚಾಗಿ ‘ಏನೂ ಮಾಡಬೇಡ’ ಎಂದಿರುತ್ತದೆ, ಅಂದರೆ ಕೊನೆಯ ಆಜ್ಞೆಯಂತೆ ನಡೆಯುತ್ತಲೇ ಇರುತ್ತದೆ. ಪೋಲಿಂಗ್ ಸುತ್ತಿನ (ಎಲ್ಲ ಉಪಕರಣಗಳನ್ನು ಒಮ್ಮೆ ಓದಿ ಬರುವ ಅವಧಿಯ) ಮೂರು ಪಟ್ಟು ಸಮಯವನ್ನು ಅಲ್ಲಿ ಕೊಟ್ಟು, ಲೋಡ್ ಇಲ್ಲದೆ ಓಡಿಸಿ, ಕೇಬಲ್ ಕಿತ್ತು, ಔಟ್‌ಪುಟ್ ನಿಜವಾಗಿ ಆಫ್ ಆಗುತ್ತದೆಯೇ ಎಂದು ಮೀಟರಿನಲ್ಲಿ ನೋಡಿದ ನಂತರವೇ ಲೋಡ್ ಜೋಡಿಸಿ. ತುರ್ತು ನಿಲುಗಡೆಯ ತಂತಿ ಮಾತ್ರ ಎಂದಿಗೂ ಈ ಸಂಪರ್ಕದ ಮೂಲಕ ಹೋಗಬಾರದು. ಅದು ಕಾಂಟ್ಯಾಕ್ಟರಿಗೆ ನೇರವಾಗಿ ಹೋಗಬೇಕು.